ಕಾಲು ಎದ್ದಾಗ ಕೈ

ಇಂಗ್ಲೆಂಡಿನ ಕವೆಂಟ್ರಿಗೆ ಬಂದ ಮೊದಲ ಚಳಿಗಾಲ. ಒಂದು ಭಾನುವಾರ ಗಿಟಾರ್ ಹಿಡಿದು ಸುಮ್ನೆ ಮೀಟುತ್ತಾ ಕೂತಿದ್ದೆ. ಸದ್ದು ಕೇಳಿ ಪಕ್ಕದ ಮನೆಯ ಹಿರಿಯರು ಬಂದರು. ಹುಟ್ಟಿದ್ದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ. "ನಮ್ಮೂರ ಸ್ಕಾ ಸಂಗೀತ ಬರುತ್ತಾ?" ಅಂದರು. ಸ್ಕಾ ಅಂದ್ರೆ ಏನರ್ಥ ಅಂತ ಕೇಳಿದೆ.

ಅವರು ಅರ್ಥ ಹೇಳಲಿಲ್ಲ. ಪಾದ ತಟ್ಟುತ್ತಾ ನಾಲ್ಕರವರೆಗೆ ಎಣಿಸಿದರು. ಪಾದ ನೆಲಕ್ಕೆ ತಾಗಿದಾಗ ಕೈ ಸುಮ್ಮನಿರಬೇಕು. ಮೇಲೆದ್ದಾಗ ತಂತಿ ಮೀಟಬೇಕು. ಮೀಟಿದ ತಕ್ಷಣ ಎಡಗೈ ಬೆರಳು ಸಡಿಲಿಸಬೇಕು, ಇಲ್ಲದಿದ್ದರೆ ನಾದ ಉದ್ದವಾಗುತ್ತದೆ.

ಆಗಲೇ ಇಲ್ಲ. ಆದಿತಾಳ ಹಾಕಿಕೊಂಡು ಕರ್ನಾಟಕ ಸಂಗೀತದ ಸರಳೆವರಸೆ ಕಲಿತ ಕೈ ನನ್ನದು. ಮತ್ತೆ ಮತ್ತೆ ಪೆಟ್ಟಿನ ಮೇಲೇ ಬೀಳುತ್ತಿತ್ತು. ಅವರು ಬೇಸರಿಸದೆ ಪಾದ ತಟ್ಟುತ್ತಲೇ ಇದ್ದರು. ಮುಕ್ಕಾಲು ಗಂಟೆಯ ಮೇಲೆ ತಂತಿ ಚುಟುಕಾಗಿ ನುಡಿಯಿತು. ಸ್ಕ, ಸ್ಕ, ಸ್ಕ. ಅವರು ನಕ್ಕರು.

ಆ ಹೆಸರಿನ ಬಗ್ಗೆ ಜಮೈಕಾದವರಲ್ಲೇ ಒಮ್ಮತವಿಲ್ಲ. 1950ರ ದಶಕದ ಕೊನೆಗೆ ಕಿಂಗ್‌ಸ್ಟನ್‌ನಲ್ಲಿ ಬೀದಿಗೆ ದೊಡ್ಡ ಸ್ಪೀಕರ್ ತಂದು ಕುಣಿಸುತ್ತಿದ್ದವರು ಅಮೆರಿಕದ ರಿದಮ್ ಅಂಡ್ ಬ್ಲೂಸ್ ಸಂಗೀತದ ಗ್ರಾಮಫೋನ್ ತಟ್ಟೆ ಸಾಲದೆ ತಾವೇ ಹಾಡು ಮುದ್ರಿಸತೊಡಗಿದರು. ಅಲ್ಲಿ ಹುಟ್ಟಿದ್ದು ಸ್ಕಾ. ಬಾಸ್ ನುಡಿಸುತ್ತಿದ್ದ ಕ್ಲೂಯೆಟ್ ಜಾನ್ಸನ್ ಎದುರಾದವರನ್ನೆಲ್ಲ "ಸ್ಕವೂವಿ" ಅಂತ ಮಾತಾಡಿಸುತ್ತಿದ್ದರಂತೆ, ಹೆಸರು ಅದರಿಂದ ಬಂತು ಅನ್ನುವವರಿದ್ದಾರೆ. ಕೀಬೋರ್ಡ್ ವಾದಕ ಜಾಕಿ ಮಿಟ್ಟೂ ಪ್ರಕಾರ ವಾದಕರು ಆ ಲಯವನ್ನು "ಸ್ಟಾಯಾ ಸ್ಟಾಯಾ" ಅನ್ನುತ್ತಿದ್ದರು. ಗಿಟಾರ್ ವಾದಕ ಅರ್ನೆಸ್ಟ್ ರಾಂಗ್ಲಿನ್ ಮಾತ್ರ ಅದು ಗಿಟಾರ್ ಮೀಟಿದ ಸದ್ದೇ ಅಂದರು. ನನಗೆ ರಾಂಗ್ಲಿನ್ ಮಾತೇ ನಿಜ ಅನ್ನಿಸುತ್ತದೆ. ನಮ್ಮ ಮೃದಂಗದವರ ತ, ಧಿ, ತೋಂ, ನಂ ಕೂಡ ಚರ್ಮದ ಸದ್ದೇ ಅಲ್ವಾ?

ಚಹಾ ಕುಡಿಯುತ್ತಾ ಹಿರಿಯರು 1962ರ ಆಗಸ್ಟ್ ನೆನೆದರು. ಜಮೈಕಾ ಸ್ವತಂತ್ರವಾದ ತಿಂಗಳು. ಆಗವರು ಪುಟ್ಟ ಹುಡುಗ. ಬೀದಿಯಲ್ಲಿ ಕೇಳಿದ ಟ್ರೊಂಬೋನ್ ಕಹಳೆಯ ಸದ್ದು ಇನ್ನೂ ಕಿವಿಯಲ್ಲಿದೆಯಂತೆ. ಇಲ್ಲಿಗೆ ಬಂದ ಮೇಲೆ, 1979ರಲ್ಲಿ, ಇದೇ ಕವೆಂಟ್ರಿಯ 'ದಿ ಸ್ಪೆಷಲ್ಸ್' ತಂಡದಲ್ಲಿ ಕರಿಯ ಬಿಳಿಯ ಹುಡುಗರು ಒಟ್ಟಿಗೆ ನಿಂತು ಸ್ಕಾ ನುಡಿಸಿದ್ದು ಹೇಳುವಾಗ ಅವರ ಗಂಟಲು ಕಟ್ಟಿತು.

ಸಂಜೆ ಅಮ್ಮನಿಗೆ ವಿಡಿಯೊ ಕರೆಯಲ್ಲಿ ನುಡಿಸಿದೆ. "ತಾಳ ತಪ್ಪಿದೆಯಲ್ಲೋ" ಅಂದರು. ಇನ್ನೊಮ್ಮೆ ನುಡಿಸು ಅಂದು ತೊಡೆ ತಟ್ಟಿ ಎಣಿಸಿದರು. "ಇಲ್ಲ ಕಣೋ, ಅರ್ಧ ಎಣಿಕೆ ಬಿಟ್ಟು ಎತ್ತಿಕೊಳ್ತಿದ್ದೀಯ."