ಕಡಿಮೆ ರೇಟಿನ ರಿವಾಲ್ವರ್: ಯಾರ ಮಾತು ನಂಬೋದು?

ಲೈಸೆನ್ಸ್ ಕೈಗೆ ಬಂದ ಮೇಲೆ ಎಲ್ಲರೂ ಕೇಳೋ ಪ್ರಶ್ನೆ ಒಂದೇ. ದೇಶದಲ್ಲೇ ಮಾಡಿದ ಕಡಿಮೆ ರೇಟಿನ .32 (ಇಂಚಿನ ಲೆಕ್ಕದಲ್ಲಿ ಗುಂಡಿನ ಅಳತೆ) ರಿವಾಲ್ವರ್ ನಡೆಯುತ್ತಾ, ಇಲ್ಲ ಇನ್ನೊಂದಿಷ್ಟು ದುಡ್ಡು ಹಾಕಬೇಕಾ? ಆಮೇಲೆ ಈಗಾಗಲೇ ಇಟ್ಟುಕೊಂಡವರನ್ನು ವಿಚಾರಿಸುತ್ತಾರೆ. ನಮ್ಮ ಸಿರುಗುಪ್ಪ ಕಡೆ ಭತ್ತದ ವ್ಯಾಪಾರ, ರೈಸ್ ಮಿಲ್ ಅಂತ ಇರುವವರಲ್ಲಿ ಅಂಥವರು ಸಿಕ್ಕೇ ಸಿಗುತ್ತಾರೆ. ಉತ್ತರವೂ ರೆಡಿ ಇರುತ್ತೆ. "ಏನೂ ತೊಂದ್ರಿ ಇಲ್ಲಪ, ಮಸ್ತ್ ಐತಿ."

ಅದಕ್ಕೆ ನಾನು ಕೇಳೋದು ಇಷ್ಟೇ. ಎಷ್ಟು ಗುಂಡು ಹಾರಿಸಿದ್ದೀರಿ ಮಾವ?

ಅಲ್ಲಿಗೆ ಮಾತು ನಿಂತುಬಿಡುತ್ತೆ. ಪರಿಚಯದ ಒಬ್ಬ ಸಾಹುಕಾರರು ನಕ್ಕು, "ಹಾರಸೋದ್ಯಾಕಪ, ವರ್ಷಕ್ಕೊಮ್ಮೆ ಪೂಜಿ ಮಾಡ್ತೀವಲ್ಲ" ಅಂದರು. ತಮಾಷೆ ಅಲ್ಲ, ಅವರ ರಿವಾಲ್ವರ್ ನೋಡಿದ್ದೇನೆ. ಆಯುಧ ಪೂಜೆಗೆ ಹಚ್ಚಿದ ಕುಂಕುಮ ಟ್ರಿಗರ್ ಸಂದಿಯಲ್ಲಿ, ಗುಂಡು ತುಂಬೋ ಸಿಲಿಂಡರ್‌ನ ಗೀರುಗಳಲ್ಲಿ ಗಟ್ಟಿಯಾಗಿ ಕೂತಿತ್ತು. ಅರಿಶಿನದ ನೀರು ಇಳಿದ ಜಾಗದಲ್ಲಿ ಕಪ್ಪು ಬಣ್ಣ ಕಿತ್ತು ಕಂದು ಚುಕ್ಕೆ ಎದ್ದಿತ್ತು. ಅವರ ಪ್ರಕಾರ ಅದು ಒಂದು ದಿನವೂ ಕೈಕೊಟ್ಟಿಲ್ಲ. ಕೈಕೊಡೋಕೆ ಅದಕ್ಕೆ ಅವಕಾಶವೇ ಸಿಕ್ಕಿಲ್ಲ ಅಲ್ವಾ?

ಹಾಗಂತ ಅವರನ್ನು ಬೈದು ಏನೂ ಪ್ರಯೋಜನ ಇಲ್ಲ. ನಮ್ಮ ಕಡೆ ಸಾಮಾನ್ಯ ಲೈಸೆನ್ಸ್‌ದಾರ ಬೇಕೆಂದಾಗ ಹೋಗಿ ಅಭ್ಯಾಸ ಮಾಡೋ ಜಾಗ ನನ್ನ ಕಣ್ಣಿಗಂತೂ ಬಿದ್ದಿಲ್ಲ. ಹೊಲದಲ್ಲಿ, ಗುಡ್ಡದ ಕಡೆ ಹಾರಿಸೋ ಹಾಗಿಲ್ಲ. ಮದುವೆ, ಜಾತ್ರೆಯಲ್ಲಿ ಖುಷಿಗೆ ಅಂತ ಜನರ ಜೀವಕ್ಕೆ ಅಪಾಯ ಆಗೋ ಹಾಗೆ ಹಾರಿಸಿದರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಎರಡು ವರ್ಷದವರೆಗೆ ಜೈಲು, ಇಲ್ಲ ಒಂದು ಲಕ್ಷದವರೆಗೆ ದಂಡ, ಇಲ್ಲ ಎರಡೂ. ಸರಿಯಾದ ಕಾನೂನೇ ಬಿಡಿ. ಆದರೆ ಒಟ್ಟಾರೆ ಏನಾಯ್ತು ಅಂದರೆ, ಬಂದೂಕು ಇಟ್ಟುಕೊಂಡವರ ಅಭಿಪ್ರಾಯ ಅಂತ ನಮಗೆ ಸಿಗೋದು ಹಾರಿಸದೇ ಇರುವವರ ಅಭಿಪ್ರಾಯ.

ನಾನು ಮತ್ತು ಇಬ್ಬರು ಗೆಳೆಯರು ಅನುಮತಿ ತಗೊಂಡು ಬೆಂಗಳೂರಿನ ಒಂದು ರೇಂಜ್‌ನಲ್ಲಿ (ಗುಂಡು ಹಾರಿಸೋ ಅಭ್ಯಾಸದ ಜಾಗ) ನಮ್ಮವನ್ನು ಹಾರಿಸಿ ನೋಡಿದ್ದೇವೆ. ಇಬ್ಬರದು ರಿವಾಲ್ವರ್, ಒಬ್ಬನದು ಪಿಸ್ತೂಲ್. ಎಲ್ಲವೂ ದೇಶಿ, .32 ಬೋರ್. ಯಾವ ಫ್ಯಾಕ್ಟರಿ ಅಂತ ಬರೆಯೋಲ್ಲ.

ಮೊದಲು ಗೊತ್ತಾಗಿದ್ದು ಟ್ರಿಗರ್. ಹ್ಯಾಮರ್ (ಬಿದ್ದು ಗುಂಡು ಹಾರಿಸೋ ಹಿಂದಿನ ಕೊಕ್ಕೆ) ಹಿಂದಕ್ಕೆ ಎಳೆಯದೆ ನೇರವಾಗಿ ಒತ್ತಿದರೆ ಅದೇ ಒಂದು ಒತ್ತಿನಲ್ಲಿ ಸಿಲಿಂಡರ್ ತಿರುಗಬೇಕು, ಹ್ಯಾಮರ್ ಏಳಬೇಕು, ಬೀಳಬೇಕು, ಹಾಗಾಗಿ ಭಾರ ಇರೋದು ಸಹಜ, ಆದರೆ ನಮ್ಮದು ಎಷ್ಟು ಬಿಗಿ ಅಂದರೆ ಬೆರಳು ನಡುಗಿ ನಳಿಗೆ ಎಡಕ್ಕೆ ಓಡುತ್ತಿತ್ತು. ಹ್ಯಾಮರ್ ಎಳೆದಿಟ್ಟು ಹಾರಿಸಿದಾಗ ಅದೇ ರಿವಾಲ್ವರ್ ನೆಟ್ಟಗಾಯಿತು. ಅಂದರೆ ನಳಿಗೆಯಲ್ಲಿ ದೋಷ ಇಲ್ಲ. ಗಾಬರಿಯಲ್ಲಿ ಇರೋ ಮನುಷ್ಯ ಹ್ಯಾಮರ್ ಎಳೆಯೋದು ಮರೆಯುತ್ತಾನೆ, ಅದು ಬೇರೆ ಮಾತು.

ಎರಡನೆಯದು ಕಾಡತೂಸು. ಒಂದು ಡಬ್ಬಿ ಹಳೆಯದಿತ್ತು. ಅದರಲ್ಲಿ ಒಂದು ಟಕ್ ಅಂತು ಅಷ್ಟೇ, ಹಾರಲಿಲ್ಲ. ಅಂಥ ಹೊತ್ತಲ್ಲಿ ಕೂಡಲೇ ತೆರೆದು ನೋಡಬಾರದು, ನಳಿಗೆ ಗುರಿಯ ಕಡೆಗೇ ಇಟ್ಟು ಅರ್ಧ ನಿಮಿಷ ಕಾಯಬೇಕು, ತಡವಾಗಿ ಹಾರೋದೂ ಉಂಟು. ಆಮೇಲೆ ತೆಗೆದು ನೋಡಿದರೆ ಹಿಂಭಾಗದ ಕ್ಯಾಪ್ ಮೇಲೆ ಪಿನ್ ಬಡಿದ ಗುಳಿ ಚೆನ್ನಾಗಿ ಆಳವಾಗಿಯೇ ಇತ್ತು. ರಿವಾಲ್ವರ್ ತನ್ನ ಕೆಲಸ ಮಾಡಿತ್ತು, ಕಾಡತೂಸು ಮಾಡಿರಲಿಲ್ಲ. ಗುಳಿ ಆಳ ಇಲ್ಲದಿದ್ದರೆ ಮಾತ್ರ ಹ್ಯಾಮರ್‌ನ ಸ್ಪ್ರಿಂಗ್ ಮೇಲೆ ಅನುಮಾನ ಪಡಿ. ಡಬ್ಬಿ ಮೇಲಿನ ವರ್ಷ ನೋಡದೆ ಕಾಡತೂಸು ತಗೋಬೇಡಿ.

ಪಿಸ್ತೂಲ್ ಮಾತ್ರ ತಲೆ ತಿಂದಿತು. ಹಾರಿದ ಕಾಡತೂಸಿನ ಖಾಲಿ ಸಿಪ್ಪೆ ಹೊರಗೆ ಬರುವಾಗ ಸಿಕ್ಕಿಕೊಂಡು, ಹಿಂದೆ ಮುಂದೆ ಜಾರೋ ಮೇಲ್ಭಾಗ, ಅಂದರೆ ಸ್ಲೈಡ್, ಅರ್ಧಕ್ಕೆ ನಿಂತಿತು. ಗುಂಡು ಜೋಡಿಸೋ ಮ್ಯಾಗಜಿನ್ ಬದಲಾಯಿಸಿದ ಮೇಲೆ ಸುಧಾರಿಸಿತು. ರಿವಾಲ್ವರ್‌ನಲ್ಲಿ ಒಂದು ಹಾರಲಿಲ್ಲ ಅಂದರೆ, ಜೀವಕ್ಕೆ ಬಂದ ಹೊತ್ತಲ್ಲಿ, ಇನ್ನೊಮ್ಮೆ ಒತ್ತಿದರೆ ಮುಂದಿನದು ಬರುತ್ತೆ. ಪಿಸ್ತೂಲಿಗೆ ಕೈ ಪಳಗಿರಬೇಕು. ಅಭ್ಯಾಸವೇ ಇಲ್ಲದ ನಮ್ಮಂಥವರಿಗೆ ಆರು ಗುಂಡಿನ ರಿವಾಲ್ವರೇ ಸರಿ ಅಂತ ನನ್ನ ಅಭಿಪ್ರಾಯ, ಮ್ಯಾಗಜಿನ್‌ನಲ್ಲಿ ಎರಡು ಜಾಸ್ತಿ ಹಿಡಿಯುತ್ತೆ ಅಂತ ಆಸೆಪಡಬೇಡಿ.

ಇನ್ನು ತುಕ್ಕು. ಬಳ್ಳಾರಿ ಬಿಸಿಲು ಗೊತ್ತಲ್ಲ, ಸೊಂಟದ ಬೆವರು ಚರ್ಮದ ಚೀಲಕ್ಕೆ ಇಳಿಯುತ್ತೆ, ಚರ್ಮ ಅದನ್ನು ಹಿಡಿದಿಟ್ಟುಕೊಳ್ಳುತ್ತೆ. ಮನೆಗೆ ಬಂದು ಚೀಲದ ಸಮೇತ ಬೀರುವಿನಲ್ಲಿ ಇಟ್ಟರೆ ಚೀಲದ ಆಕಾರಕ್ಕೇ ತುಕ್ಕು ಮೂಡುತ್ತೆ. ಹೊರಗೆ ತೆಗೆದು, ಒರೆಸಿ, ತೆಳ್ಳಗೆ ಎಣ್ಣೆ ಸವರಿ ಇಡಿ. ತೆಂಗಿನೆಣ್ಣೆ ಬೇಡ, ಅಂಟಾಗಿ ಧೂಳು ಹಿಡಿಯುತ್ತೆ.

ಆದರೆ ನೀವು ಎಷ್ಟು ಜೋಪಾನ ಮಾಡಿದರೂ ಚುನಾವಣೆ ಬಂದರೆ ಸಾಮಾನ್ಯವಾಗಿ ಸ್ಟೇಷನ್‌ಗೆ ಒಪ್ಪಿಸಬೇಕಾಗುತ್ತೆ. 2024ರ ಲೋಕಸಭೆ ಚುನಾವಣೆಗೆ ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತು, ಫಲಿತಾಂಶ ಜೂನ್ 4ಕ್ಕೆ. ಇಡೀ ಬೇಸಿಗೆ ರಿವಾಲ್ವರ್ ಯಾವುದೋ ಕೋಣೆಯಲ್ಲಿ ಚೀಟಿ ಕಟ್ಟಿಸಿಕೊಂಡು ಮಲಗಿತ್ತು. ವಾಪಸ್ ಬಂದಾಗ ಚೀಟಿಯ ದಾರ ಬಿಗಿದ ಜಾಗದಲ್ಲಿ ಒಂದು ಕೆಂಪು ಗೆರೆ! ಯಾರನ್ನು ಕೇಳೋದು? ಈಗ ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಫೋಟೋ ತೆಗೆದು, ನಂಬರ್ ಸರಿಯಾಗಿ ಬರೆದಿದ್ದಾರಾ ಅಂತ ರಸೀದಿ ನೋಡಿಕೊಂಡು ಕೊಡ್ತೀನಿ.

ರೇಟಿನ ವಿಷಯ. ಅಗ್ಗದ್ದು ಅಂತ ಕರೆಯೋದೇ ನಗು ಬರೋ ಮಾತು. 2014ರಲ್ಲಿ ಕಾನ್ಪುರದ ಸರ್ಕಾರಿ ಫ್ಯಾಕ್ಟರಿ ಮಹಿಳೆಯರಿಗೆ ಅಂತ 'ನಿರ್ಭೀಕ್' ಬಿಟ್ಟಾಗ ಅರ್ಧ ಕಿಲೋ ತೂಕದ ಆ ರಿವಾಲ್ವರ್‌ಗೆ 1,22,360 ರೂಪಾಯಿ ಇಟ್ಟಿದ್ದರು. ಒಂದು ಒಳ್ಳೆ ಬೈಕಿನ ದುಡ್ಡು. ಮೇಲೆ ತೆರಿಗೆ ಬೇರೆ. ರಿವಾಲ್ವರ್, ಪಿಸ್ತೂಲ್ ಮೇಲೆ 28 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 40 ಪರ್ಸೆಂಟ್ ಆಗಿದೆ, ಗುಟ್ಕಾ, ಸಿಗರೇಟಿನ ಪಟ್ಟಿಯಲ್ಲೇ ಸೇರಿಸಿಬಿಟ್ಟರು. ಇನ್ನು ವಿದೇಶಿ ಹಳೇ ಮಾಲು ಹುಡುಕುವವರಿದ್ದಾರೆ. 1980ರ ದಶಕದ ಮಧ್ಯದಿಂದ ಸಾಮಾನ್ಯ ಜನ ಹೊರಗಿನಿಂದ ತರಿಸೋದು ಹೆಚ್ಚುಕಮ್ಮಿ ಬಂದ್, ಹಾಗಾಗಿ ಅಜ್ಜನ ಕಾಲದ ಪಿಸ್ತೂಲಿಗೂ ಲಕ್ಷಗಟ್ಟಲೆ ಹೇಳ್ತಾರೆ. ಬಿಡಿಭಾಗ ಸಿಗೋಲ್ಲ. ನನ್ನ ಲೆಕ್ಕದಲ್ಲಿ ಅದಕ್ಕಿಂತ ಒರಟು ದೇಶಿ ರಿವಾಲ್ವರೇ ವಾಸಿ, ಸ್ಪ್ರಿಂಗ್ ಹೋದರೆ ಹಾಕಿಕೊಡೋರು ಇರ್ತಾರೆ.

ಕೊಪ್ಪಳ ಕಡೆಯಿಂದ ಒಬ್ಬರು ಹಂದಿ ಕಾಟಕ್ಕೆ ಇದು ಆಗುತ್ತಾ ಅಂತ ಕೇಳಿದ್ದರು. ಆಗೋಲ್ಲ ಸ್ವಾಮಿ. ಬೆಳೆ ಕಾಯೋಕೆ ಅಂತಲೇ ಇದ್ದರೆ ಒಂಟಿನಳಿಗೆ, ಜೋಡುನಳಿಗೆ ಬಂದೂಕಿಗೆ ಅರ್ಜಿ ಹಾಕಿ. ಮೂರಿಂಚು ನಳಿಗೆಯ .32 ಇಟ್ಟುಕೊಂಡು ಮೆಕ್ಕೆಜೋಳದ ಹೊಲಕ್ಕೆ ರಾತ್ರಿ ಇಳಿಯಬೇಡಿ.

ಸುಮ್ನೆ ಗಲ್ಲಾಪೆಟ್ಟಿಗೆ ಧೈರ್ಯಕ್ಕೆ ಅಂತ ತಗೊಳ್ಳೋರಿಗೆ ನಾನು ಹೇಳೋದು, ಮೊದಲು ಕ್ಯಾಮೆರಾ ಹಾಕಿಸಿ, ದುಡ್ಡು ಆನ್‌ಲೈನ್‌ನಲ್ಲಿ ತಗೊಳ್ಳಿ. ಅದಾದ ಮೇಲೂ ಬೇಕು ಅನ್ನಿಸಿದರೆ ರಿವಾಲ್ವರ್ ತಗೊಂಡು, ರೇಂಜ್‌ಗೆ ಹೋಗೋ ಖರ್ಚನ್ನೂ ರೇಟಿನಲ್ಲೇ ಸೇರಿಸಿ.

2023ರ ಆಗಸ್ಟ್‌ನಲ್ಲಿ ಕಾನ್ಪುರದಿಂದ ಬಂದ 'ಪ್ರಬಲ್' ರಿವಾಲ್ವರ್ ಬಗ್ಗೆ ಜಾಸ್ತಿ ಜನ ಕೇಳ್ತಿದ್ದಾರೆ. ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತೆ, 50 ಮೀಟರ್ ದೂರ ಹೊಡೆಯುತ್ತೆ ಅಂತ ಹೇಳಿಕೊಂಡಿದ್ದಾರೆ. ನಾನು ಹಾರಿಸಿಲ್ಲ, ಅದಕ್ಕೇ ಏನೂ ಹೇಳೋಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ಯಾರಾದರೂ ಅದರಲ್ಲಿ ಒಂದೆರಡು ಡಬ್ಬಿ ಖಾಲಿ ಮಾಡಿದ್ದರೆ ಕೆಳಗೆ ಬರೆಯಿರಿ. ಪೂಜೆ ಮಾತ್ರ ಮಾಡಿದವರು ಬೇಡ.