ಹಾಜರಿ ಪುಸ್ತಕದ ಕೆಂಪು ಗೆರೆ

ಶಿಕಾಗೋ ನಗರದ ಪಶ್ಚಿಮ ಭಾಗದಲ್ಲಿ ಹದಿಹರೆಯದವರಿಗೆ ಬೇಸಿಗೆ ರಜೆಯಲ್ಲಿ ಸಂಬಳದ ಕೆಲಸ ಕೊಡಿಸುವ ಸಂಸ್ಥೆಯೊಂದರಲ್ಲಿ ನಾನು ಮೇಲ್ವಿಚಾರಕಿ. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ನಾರ್ತ್ ಲಾನ್‌ಡೇಲ್ ಮತ್ತು ಗಾರ್ಫೀಲ್ಡ್ ಪಾರ್ಕ್ ಬಡಾವಣೆಗಳ ಮಕ್ಕಳು. ಅಣ್ಣನನ್ನೋ ಗೆಳೆಯನನ್ನೋ ಗುಂಡೇಟಿಗೆ ಕಳೆದುಕೊಂಡವರು ಪ್ರತಿ ತಂಡದಲ್ಲೂ ಇರುತ್ತಾರೆ. ನಾವು ಕೊಡುವ ಕೆಲಸಗಳು ದೊಡ್ಡವೇನಲ್ಲ. ಚಿಕ್ಕ ಮಕ್ಕಳ ಶಿಬಿರದಲ್ಲಿ ನೆರವಾಗುವುದು, ಬಡಾವಣೆಯ ತೋಟ ನೋಡಿಕೊಳ್ಳುವುದು, ಕಚೇರಿಯಲ್ಲಿ ಕಡತ ಜೋಡಿಸುವುದು, ಇಷ್ಟೇ.

ನಾನು ಸೇರಿದ ಮೊದಲ ವರ್ಷ, ತೋಟದ ಕೆಲಸಕ್ಕೆ ಹಾಕಿದ್ದ ಹದಿನೇಳು ವರ್ಷದ ಹುಡುಗನೊಬ್ಬ ಸತತ ಮೂರು ದಿನ ಇಪ್ಪತ್ತು ನಿಮಿಷ ತಡವಾಗಿ ಬಂದ. ಮೂರು ಬಾರಿ ತಡವಾದರೆ ಎಚ್ಚರಿಕೆ ಪತ್ರ ಕೊಡಬೇಕೆಂಬುದು ನಿಯಮ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕೆಂಪು ಗೆರೆ ಎಳೆದು ಪತ್ರವನ್ನು ಕೈಗಿತ್ತೆ. ಅವನು ಮರುಮಾತಾಡದೆ ಅದನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡ. ತೋಟದ ಹೊಣೆ ಹೊತ್ತಿದ್ದ, ಅದೇ ಬಡಾವಣೆಯಲ್ಲಿ ಬಾಳಿ ಬದುಕಿದ ಹಿರಿಯ ಹೆಂಗಸು ಸಂಜೆ ನನ್ನನ್ನು ಪಕ್ಕಕ್ಕೆ ಕರೆದು, "ಅವನು ಯಾವ ದಾರಿಯಲ್ಲಿ ಬರುತ್ತಾನೆ ಎಂದು ಕೇಳಿದೆಯಾ, ಮಗಳೇ?" ಎಂದರು.

ನಾನು ಕೇಳಿರಲಿಲ್ಲ. ಕೆಡ್ಜಿ ಅವೆನ್ಯೂದ ಬಸ್ಸು ತೋಟದ ಸಮೀಪವೇ ನಿಲ್ಲುತ್ತದೆ, ಆದರೆ ಆ ನಿಲ್ದಾಣದ ಮೂಲೆಯಲ್ಲಿ ಕುಳಿತಿರುತ್ತಿದ್ದ ಹುಡುಗರಿಗೂ ಇವನ ಬೀದಿಯ ಹುಡುಗರಿಗೂ ಹಗೆಯಿತ್ತು. ಅದಕ್ಕಾಗಿ ಇವನು ಎರಡು ನಿಲ್ದಾಣ ಮೊದಲೇ ಇಳಿದು ರೈಲು ಹಳಿಯ ಪಕ್ಕದಿಂದ ಸುತ್ತು ಹಾಕಿಕೊಂಡು ನಡೆದು ಬರುತ್ತಿದ್ದ. ಜಲ್ಲಿಯ ಬೂದು ಧೂಳು ಅವನ ಶೂಗಳಿಗೆ ಮೆತ್ತಿಕೊಂಡಿದ್ದುದನ್ನು ಮೂರು ದಿನವೂ ಕಣ್ಣಾರೆ ಕಂಡಿದ್ದ ನಾನು ಅದನ್ನು ಅಲಕ್ಷ್ಯದ ಗುರುತೆಂದೇ ಎಣಿಸಿದ್ದೆ. ಜೀವ ಉಳಿಸಿಕೊಂಡು ಕೆಲಸಕ್ಕೆ ಬರಲು ದಿನವೂ ಹೆಣಗುತ್ತಿದ್ದವನಿಗೆ ನಾನು ಎಚ್ಚರಿಕೆ ಪತ್ರ ಕೊಟ್ಟಿದ್ದೆ. ಮರುದಿನ ಅವನ ಎದುರಿಗೇ ಅದನ್ನು ಹಿಂಪಡೆದು ಕ್ಷಮೆ ಕೇಳಿದೆ, ಅವನ ಪಾಳಿಯನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿದೆ. ಆ ಬೇಸಿಗೆಯಲ್ಲಿ ಅವನು ಮತ್ತೆ ಒಂದು ದಿನವೂ ತಡ ಮಾಡಲಿಲ್ಲ.

ಅಂದಿನಿಂದ ಕೆಲಸ ಹಂಚುವ ಮೊದಲು ಪ್ರತಿಯೊಬ್ಬರ ಮುಂದೆಯೂ ಬಡಾವಣೆಯ ನಕ್ಷೆ ಹರಡಿ, ಕೈಗೊಂದು ಪೆನ್ಸಿಲ್ ಕೊಟ್ಟು, ತಾನು ಕಾಲಿಡದ ಬೀದಿಗಳನ್ನು ಗುರುತಿಸಲು ಹೇಳುತ್ತೇನೆ. ಕಾರಣ ಕೇಳುವುದಿಲ್ಲ. ಜನನ ಪ್ರಮಾಣಪತ್ರ, ಸೋಷಿಯಲ್ ಸೆಕ್ಯುರಿಟಿ ಕಾರ್ಡ್ (ಸಂಬಳದ ಕೆಲಸಕ್ಕೆ ಬೇಕಾದ ಸರ್ಕಾರಿ ಸಂಖ್ಯೆಯ ಚೀಟಿ) ಮುಂತಾದ ದಾಖಲೆಗಳಿಲ್ಲದೆ ಮೊದಲ ವಾರದಲ್ಲೇ ಕೆಲಸ ಕೈಬಿಡುವವರೂ ಇರುವುದರಿಂದ ಅವನ್ನು ಮಾಡಿಸುವ ಓಡಾಟವನ್ನು ಮೇ ತಿಂಗಳಿನಲ್ಲೇ ಮುಗಿಸಿಕೊಳ್ಳುತ್ತೇವೆ.

ಇಂಥ ಕೆಲಸದಿಂದ ಹಿಂಸೆ ತಗ್ಗುತ್ತದೆಯೇ ಎಂದು ಕೇಳುವವರಿಗೆ ನಾನು ಇದೇ ನಗರದ ಒಂದು ಅಧ್ಯಯನವನ್ನು ತೋರಿಸುತ್ತೇನೆ. 2012ರ ಬೇಸಿಗೆಯಲ್ಲಿ, ಹಿಂಸೆ ಹೆಚ್ಚಾಗಿದ್ದ ಪ್ರದೇಶಗಳ 13 ಪ್ರೌಢಶಾಲೆಗಳ 1,634 ವಿದ್ಯಾರ್ಥಿಗಳ ಪೈಕಿ ಚೀಟಿ ಎತ್ತಿದಂತೆ ಆಯ್ಕೆ ಮಾಡಿ, ಕೆಲವರಿಗೆ ಎಂಟು ವಾರ, ವಾರಕ್ಕೆ 25 ಗಂಟೆ, ಗಂಟೆಗೆ 8.25 ಡಾಲರ್‌ನ ಕನಿಷ್ಠ ವೇತನದ ಮೇಲೆ ಕೆಲಸ ಕೊಡಲಾಯಿತು. ಜೊತೆಗೆ ಹಿರಿಯ ಮಾರ್ಗದರ್ಶಕರೊಬ್ಬರ ಆಸರೆಯೂ ಇತ್ತು. ಸಂಶೋಧಕಿ ಸಾರಾ ಹೆಲರ್ 2014ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಹಿಂಸಾತ್ಮಕ ಅಪರಾಧಗಳಿಗಾಗಿ ಆದ ಬಂಧನಗಳು 16 ತಿಂಗಳಲ್ಲಿ, ಕೆಲಸ ಸಿಗದವರಿಗೆ ಹೋಲಿಸಿದರೆ, ಶೇಕಡಾ 43ರಷ್ಟು ಕಡಿಮೆಯಾಗಿದ್ದವು. ಆಸ್ತಿಗೆ ಸಂಬಂಧಿಸಿದ ಅಪರಾಧಗಳಲ್ಲಿ ಅಂಥ ಇಳಿಕೆ ಕಾಣಲಿಲ್ಲ ಎಂಬುದನ್ನೂ ಹೇಳಲೇಬೇಕು. ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ಬೇರೊಂದು ಅಂಶ: ಆ ಇಳಿಕೆಯ ಬಹುಪಾಲು ಕಂಡುಬಂದದ್ದು ಎಂಟು ವಾರ ಮುಗಿದ ಮೇಲೆ. ಬೀದಿಯಲ್ಲಿ ಅಲೆಯಲು ಪುರುಸೊತ್ತಿರಲಿಲ್ಲ ಎಂಬುದಷ್ಟೇ ಕಾರಣವಾಗಿದ್ದರೆ ಕೆಲಸದ ಜೊತೆಗೇ ಅದರ ಪರಿಣಾಮವೂ ಮುಗಿಯಬೇಕಿತ್ತು. ಮೇಲಿನವರ ಮಾತಿಗೆ ಸಿಡಿಮಿಡಿಗೊಳ್ಳದೆ ಉತ್ತರಿಸುವುದು, ಸಿಟ್ಟು ನೆತ್ತಿಗೇರಿದಾಗ ಒಂದು ಗಳಿಗೆ ತಡೆದುಕೊಳ್ಳುವುದು, ಹೀಗೆ ಕೆಲಸದ ಜಾಗದಲ್ಲಿ ರೂಢಿಯಾದದ್ದು ಬೀದಿಯಲ್ಲೂ ಜೊತೆಗಿರುತ್ತದೆ ಎಂದು ನಾನು ನಂಬಿದ್ದೇನೆ.

ಹಾಗಾಗಿಯೇ ಅಕ್ಟೋಬರ್‌ನಲ್ಲೂ ಫೆಬ್ರವರಿಯಲ್ಲೂ ಎಲ್ಲರಿಗೂ ಫೋನ್ ಮಾಡುತ್ತೇನೆ. ನಮ್ಮ ಅನುದಾನ ಮಾತ್ರ ಆಗಸ್ಟ್‌ಗೇ ಮುಗಿಯುತ್ತದೆ. ಈ ಕರೆಗಳಿಗೆ ತಗಲುವ ಸಮಯವನ್ನೂ ಸಂಬಳದ ಲೆಕ್ಕಕ್ಕೆ ಸೇರಿಸಬೇಕೆಂದು ಈ ವರ್ಷದ ಅರ್ಜಿಯಲ್ಲಿ ಮತ್ತೊಮ್ಮೆ ಬರೆದಿದ್ದೇನೆ.