ವಿಂಚ್ ಪಟ್ಟಿಯೊಂದೇ ಸಾಲದು

ಅಮೆರಿಕದ ಮಿನೆಸೋಟದಲ್ಲಿ ಬೇಸಿಗೆ ಬಂತಂದ್ರೆ ಎಲ್ಲಿ ನೋಡಿದರೂ ದೋಣಿ ಎಳೆಯೋ ಗಾಡಿಗಳು. ನಮ್ಮದೂ ಒಂದಿದೆ, 16 ಅಡಿಯ ಅಲ್ಯೂಮಿನಿಯಂ ದೋಣಿ. ಎಷ್ಟೋ ಜನ ಟ್ರೇಲರ್ ಮುಂದಿನ ವಿಂಚ್ (ಪಟ್ಟಿ ಸುತ್ತಿಕೊಳ್ಳುವ ರಾಟೆ) ಪಟ್ಟಿಯನ್ನೇ ನಂಬಿಕೊಂಡು ಹೊರಟುಬಿಡುತ್ತಾರೆ. ನೋಡಿದರೇ ನನಗೆ ಭಯ. ವಿಂಚ್ ಇರುವುದು ದೋಣಿಯನ್ನು ಟ್ರೇಲರ್ ಮೇಲೆ ಎಳೆದುಕೊಳ್ಳೋಕೆ. ಅದರ ಹಲ್ಲು ಜಾರಿದರೆ ಹಿಡಿಯೋರು ಯಾರು? ಅದಕ್ಕೇ ದೋಣಿಯ ಮೂತಿಯ ಬಳೆಗೆ ಬೇರೆ ಸರಪಳಿ ಬೇಕು.

ಹಿಂಬದಿಯಲ್ಲಿ ಕೆಲಸ ಇನ್ನೂ ಜಾಸ್ತಿ. ಮೋಟಾರಿನ ಭಾರವೆಲ್ಲ ಅಲ್ಲೇ ಅಲ್ವಾ? ಹಳ್ಳ ಸಿಕ್ಕಾಗ ದೋಣಿ ಎದ್ದು ಕುಕ್ಕುತ್ತದೆ. ಎರಡೂ ಮೂಲೆಯಿಂದ ಟ್ರೇಲರ್ ಚೌಕಟ್ಟಿಗೆ ಹಲ್ಲುಚಕ್ರದಿಂದ ಬಿಗಿಯಾಗುವ ರ‍್ಯಾಚೆಟ್ ಪಟ್ಟಿ ಬಿಗಿಯುತ್ತೇನೆ. ದೋಣಿ ಹಿಡಿದು ಅಲ್ಲಾಡಿಸಿದರೆ ಟ್ರೇಲರೂ ಜೊತೆಗೇ ಅಲ್ಲಾಡಬೇಕು, ಅಷ್ಟು ಬಿಗಿ ಸಾಕು. ಉದ್ದದ ಪಟ್ಟಿಯನ್ನು ಒಂದು ಸುತ್ತು ತಿರುಚಿ ಹಾಕಿ, ಗಾಳಿಗೆ ಪಟಪಟ ಅನ್ನುವುದು ನಿಲ್ಲುತ್ತದೆ. ಮಿಕ್ಕ ತುದಿ ಚಕ್ರಕ್ಕೆ ಸಿಗದ ಹಾಗೆ ಕಟ್ಟಿಡಿ.

ಗಾಡಿಗೂ ಟ್ರೇಲರಿಗೂ ನಡುವಿನ ಎರಡು ಸರಪಳಿಗಳನ್ನು ಕತ್ತರಿಯಂತೆ ಅಡ್ಡಹಾಯಿಸಿ ಹಾಕಬೇಕು. ಟ್ರೇಲರ್ ಕಳಚಿಕೊಂಡರೂ ಅದರ ಮೂತಿ ಸರಪಳಿ ಮೇಲೆ ಕೂರುತ್ತದೆ, ರಸ್ತೆಗೆ ಬಡಿಯುವುದಿಲ್ಲ.

ಮನೆಗೆ ಹೊರಡುವಾಗ ದೋಣಿಯ ನೀರು ಬಸಿಯುವ ತೂತಿನ ಬಿರಡೆ ತೆಗೆದೇ ಓಡಿಸಬೇಕು. ಇಲ್ಲಿ ಅದು ಕಾನೂನು, ಪುಟ್ಟ ಚಿಪ್ಪುಜೀವಿಗಳಾದ ಜೀಬ್ರಾ ಮಸಲ್‌ನಂಥವು ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗಬಾರದು ಅಂತ. ಐದಾರು ಮೈಲಿ ಆದಮೇಲೆ ನಿಲ್ಲಿಸಿ ಪಟ್ಟಿ ಮುಟ್ಟಿ ನೋಡಿ. ಒದ್ದೆ ನೈಲಾನ್ ಹಿಗ್ಗುತ್ತದೆ.